ಬಾಸುಂಡೆಯಿಲ್ಲದ ಬೆನ್ನು

ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಠಾಣೆ. ನನ್ನ ಗಂಡ ಲಾಲಪ್ಪ ಅಲ್ಲಿ ಪೇದೆ. ಠಾಣೆಯ ಹಿಂದಿನ ಗೋಡೆಯೇ ನಮ್ಮ ಅಡುಗೆಮನೆಗೂ ಗೋಡೆ. ನಾನು ರೊಟ್ಟಿ ಬಡಿಯುವ ಹೊತ್ತಿಗೆ ಆಚೆ ಕೋಣೆಯಲ್ಲಿ ಮನುಷ್ಯರನ್ನು ಬಡಿಯುತ್ತಿದ್ದರು. ಶಕುಂತಲಾಬಾಯಿಯ ಬಾಯಿಗೆ ಬೀಗವಿಲ್ಲ ಎಂದು ಹೆಸರಾಗಿದ್ದ ನಾನು ಗಂಡನಿಗೆ ದಿನಾ ಬೈಯುತ್ತಿದ್ದೆ. ಅವನು ದಿನಾ ಉಂಡು ಮಲಗುತ್ತಿದ್ದ.

ಎಪ್ಪತ್ತೊಂಬತ್ತರಲ್ಲಿ ಹೊಸ ಸಬ್ ಇನ್ಸ್‌ಪೆಕ್ಟರ್ ದಿಗಂಬರ ಸಾಹೇಬರು ಬಂದರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ಮಾತು ಮಾತ್ರ ಗಟ್ಟಿ. ಬಂದ ದಿನವೇ ಲಾಠಿಗಳನ್ನೆಲ್ಲ ಕಪಾಟಿಗೆ ಸೇರಿಸಿ ಬೀಗ ಜಡಿದು, "ಹಿಡದ ತಂದವರ ಮ್ಯಾಲ ಇನ್ನ ಯಾರೂ ಕೈ ಮಾಡಬಾರದು" ಎಂದರಂತೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂದು ಹೋಳಿಗೆ ಮಾಡಿದೆ. ಗಂಡ ಮುಖ ಊದಿಸಿಕೊಂಡೇ ತಿಂದ.

ತಿಂಗಳೊಳಗೆ ಮಚ್ಚೇಂದ್ರನನ್ನು ಹಿಡಿದು ತಂದರು. ಹತ್ತಿರದ ಹಳ್ಳಿಯ ಕೂಲಿ. ಯಾರದೋ ಹೊಲದ ಮೋಟಾರಿನ ತಾಮ್ರದ ತಂತಿ ಕಳುವಾಗಿತ್ತು. ಕದ್ದವನು ಅವನಲ್ಲ. ಕದ್ದವರು ಯಾರೆಂದು ಅವನಿಗೆ ಗೊತ್ತಿತ್ತು, ಅಷ್ಟೆ.

ಮಧ್ಯಾಹ್ನ ಹಿಟ್ಟು ನಾದುತ್ತಿದ್ದೆ. ಗೋಡೆಯಾಚೆ ಪೆಟ್ಟಿನ ಸದ್ದು, ಹಿಂದೆಯೇ ಚೀರಾಟ. "ಯವ್ವಾ ಸತ್ತೆ! ಬ್ಯಾಡ್ರಿ ಸಾಹೇಬ್ರ!" ಸಿಟ್ಟು ನೆತ್ತಿಗೇರಿತು. ಈ ಹೊಸ ಸಾಹೇಬನ ಮಾತೂ ಇಷ್ಟೇ ಎಂದು ಶಪಿಸುತ್ತ ಹಿಟ್ಟಿನ ಕೈಯಲ್ಲೇ ಠಾಣೆಗೆ ನುಗ್ಗಿದೆ. ನೋಡಿದರೆ ಸಾಹೇಬರೂ ನನ್ನ ಗಂಡನೂ ವರಾಂಡದಲ್ಲಿ ಬಿಳಿಚಿಕೊಂಡು ನಿಂತಿದ್ದರು. ಕೋಣೆಯ ಬೀಗದಕೈ ಸಾಹೇಬರ ಕೈಯಲ್ಲೇ ಇತ್ತು. ಒಳಗೆ ಪೆಟ್ಟು ಬೀಳುತ್ತಲೇ ಇತ್ತು.

ಬಾಗಿಲು ತೆಗೆದರು. ಮಚ್ಚೇಂದ್ರ ಒಬ್ಬನೇ ಇದ್ದ. ಗೋಡೆಗೆ ಮುಖ ಮಾಡಿ ಕೂತು, ಚಪ್ಪಲಿಯನ್ನು ನೆಲಕ್ಕೆ ಬಡಿಯುತ್ತಿದ್ದ, ಬಡಿದಾಗೊಮ್ಮೆ ಚೀರುತ್ತಿದ್ದ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಮ್ಮನ್ನು ನೋಡುತ್ತಲೇ ಇನ್ನೊಮ್ಮೆ ಬಡಿದು ಚೀರಿದ.

"ಬೇವಿನ ಗಿಡದ ಕೆಳಗ ಕೂತು ಕೇಳಾಕತ್ತಾರ್ರಿ" ಎಂದು ಪಿಸುಗುಟ್ಟಿದ.

ಅದು ನಿಜ. ಯಾರನ್ನಾದರೂ ಠಾಣೆಗೆ ತಂದರೆ ಅವನ ಊರವರು ಬಂದು ಠಾಣೆಯೆದುರಿನ ಆ ಗಿಡದ ಕೆಳಗೆ ಕೂತು ಕಿವಿಗೊಡುತ್ತಿದ್ದರು. ಚೆನ್ನಾಗಿ ಪೆಟ್ಟು ತಿಂದವನು ಯಾರ ಹೆಸರೂ ಹೇಳಿಲ್ಲ. ಪೆಟ್ಟು ತಿನ್ನದೆ ಬಂದವನು ಎಲ್ಲರ ಹೆಸರೂ ಹೇಳಿದ್ದಾನೆ. ಅವರ ಲೆಕ್ಕ ಹಾಗೆ. ಹಿಂದೊಮ್ಮೆ ಇಸ್ಮಾಯಿಲ ಎಂಬವನನ್ನು ಹೊಡೆಯದೆ ಬಿಟ್ಟಿದ್ದರು. ಅವನ ಹೆಣ ಬಾವಿಯಲ್ಲಿ ತೇಲಿತ್ತು.

"ಊರಾಗ ಅಂಗಿ ಬಿಚ್ಚಿಸಿ ನೋಡ್ತಾರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ನಾಕ ಏಟರ ಹಾಕ್ರಿ."

ಸಾಹೇಬರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ನನ್ನ ಠಾಣ್ಯಾಗ ಅದು ಆಗಂಗಿಲ್ಲ. ನೀ ಕದ್ದಿಲ್ಲಂತ ಗೊತ್ತಾಗ್ಯದ. ಆರಾಮ ಮನಿಗೆ ಹೋಗು."

ಗೇಟಿನಲ್ಲಿ ಅವನ ತಾಯಿ ಕಮಳಾಬಾಯಿ ಅರಿಸಿನ, ಎಣ್ಣೆ ಹಿಡಿದು ನಿಂತಿದ್ದಳು. ಠಾಣೆಯಿಂದ ಬಿಟ್ಟ ಮಕ್ಕಳಿಗೆ ಎಲ್ಲ ತಾಯಂದಿರೂ ತರುತ್ತಿದ್ದದ್ದೇ. ಮಗನ ಅಂಗಿ ಎತ್ತಿದಳು. ಬೆನ್ನು ನುಣ್ಣಗಿತ್ತು. ಅಂಗಿ ಇಳಿಸಿ ಬೇವಿನ ಗಿಡದ ಕಡೆ ನೋಡಿದಳು. ಅಲ್ಲಿದ್ದವರು ಎದ್ದು ಆಗಲೇ ಊರ ದಾರಿ ಹಿಡಿದಿದ್ದರು. ಮಗನ ರಟ್ಟೆ ಹಿಡಿದು ನಮ್ಮ ಮನೆಯ ಹಿಂದಕ್ಕೆ, ನನ್ನ ಕಟ್ಟಿಗೆಯ ರಾಶಿಯ ಹತ್ತಿರ ಎಳೆದುಕೊಂಡು ಹೋದಳು.

ಮತ್ತೆ ಪೆಟ್ಟಿನ ಸದ್ದು, ಮತ್ತೆ ಚೀರಾಟ. ಠಾಣೆಯ ಕಿಟಕಿಯಿಂದ ಸಾಹೇಬರು ನಗುತ್ತ ಕೂಗಿದರು: "ಮತ್ತ ಸುರು ಮಾಡಿದೇನೋ? ಸಾಕ ಮಾಡು ನಾಟಕ!" ಎದ್ದು ಬರಲಿಲ್ಲ.

ನಾನು ಹಿತ್ತಿಲಿಗೆ ಓಡಿದೆ. ಮಚ್ಚೇಂದ್ರ ಗೋಡೆಗೆ ಕೈ ಊರಿ ನಿಂತಿದ್ದ. ತಾಯಿಯ ಕೈಯಲ್ಲಿ ನನ್ನ ಒಲೆಯ ಕಟ್ಟಿಗೆ. ಏದುಸಿರು ಬಿಡುತ್ತಿದ್ದಳು, ಮುಖವೆಲ್ಲ ಕಣ್ಣೀರು. ನನ್ನನ್ನು ಕಂಡು ಮಗನ ಬೆನ್ನನ್ನು ನನ್ನ ಕಡೆ ತಿರುಗಿಸಿದಳು.

"ನೀವು ಠಾಣ್ಯಾದ ಮಂದಿ, ನಿಮಗ ಗೊತ್ತಿರ್ತದ. ಇಷ್ಟ ಸಾಕೇನ್ರಿ ಬಾಯಿ?"

ನೋಡಿದೆ. ಎಷ್ಟಾದರೂ ತಾಯಿಯ ಕೈ, ಅಲ್ಲಲ್ಲಿ ಕೆಂಪಗಾಗಿತ್ತು ಅಷ್ಟೆ. ಇದು ಸಾಲದು ಎಂದು ನೋಡಿದ ಕೂಡಲೇ ತಿಳಿಯಿತು. ಹೇಳಲು ಬಾಯಿಯೇ ಬರಲಿಲ್ಲ.

"ಸಾಕು" ಎಂದೆ.

ಅವಳು ಅರಿಸಿನ ಹಚ್ಚಿದಳು. ನನ್ನ ಮಾತು ನಂಬಿ ತಾಯಿ, ಮಗ ಇಬ್ಬರೂ ಊರಿಗೆ ಹೊರಟರು.