ಕಾಗದ ಮುಟ್ಟಿದ ಕತ್ತರಿ

ನಾನೊಂದು ಕತ್ತರಿ. ಉಗುರು ಕತ್ತರಿಸುವ ಚಿಲ್ಲರೆ ಜಾತಿಯದಲ್ಲ. ಹತ್ತು ಇಂಚು ಉದ್ದದ, ಹಿತ್ತಾಳೆ ಹಿಡಿಯ, ದರ್ಜಿಯ ಕತ್ತರಿ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ನನ್ನನ್ನು ಮಾಡಿದರು. ನಾನು ಹುಟ್ಟಿದ ದಿನ ರಾಣೆಬೆನ್ನೂರಿನ ಚಾಕುಚೂರಿಗಳೆಲ್ಲ ನಾಚಿ ತುಕ್ಕು ಹಿಡಿದವು. ನಂಬದಿದ್ದರೆ ಬಿಡಿ, ನಷ್ಟ ನಿಮಗೇ.

ನನ್ನ ಮೊದಲ ಯಜಮಾನ ಏಕನಾಥ ಪಿಸೆ. ಅವನ ಅಂಗಡಿಯಲ್ಲಿ ಒಂದೇ ಕಾನೂನು: ಬಟ್ಟೆಯ ಕತ್ತರಿಗೆ ಕಾಗದ ಮುಟ್ಟಿಸಬಾರದು. ಕಾಗದ ಕತ್ತರಿಸಿದರೆ ಅಲಗು ಮೊಂಡಾಗುತ್ತದೆ, ಆಮೇಲೆ ಬಟ್ಟೆಯನ್ನು ಅಗಿಯುತ್ತದೆ. ಒಮ್ಮೆ ಅವನ ಮಗ ನನ್ನಿಂದ ಗಾಳಿಪಟದ ಕಾಗದ ಕತ್ತರಿಸಲು ಬಂದು ಬೆನ್ನ ಮೇಲೆ ಗಜಕೋಲಿನ ಬರೆ ಎಳೆಸಿಕೊಂಡಿದ್ದ. ಸಾಯುವ ಮುಂಚೆ ಮುದುಕ ನನ್ನನ್ನು ಆ ಮಗನ ಕೈಗೆ ಕೊಡಲಿಲ್ಲ. ಸೊಸೆ ರುಕ್ಮಾಬಾಯಿಯನ್ನು ಕರೆದು, "ನಿನ್ನ ಕೈ ನಡುಗೂದಿಲ್ಲವ್ವಾ, ನೀ ಇಟ್ಕೋ" ಎಂದ.

ರುಕ್ಮಾಬಾಯಿಯ ಕೈಯಲ್ಲಿ ನಾನು ಕತ್ತರಿಸಿದ ಬಟ್ಟೆಯನ್ನು ಹಾಸಿದ್ದರೆ ಚಂದ್ರನವರೆಗೆ ಹೋಗಿ, ಬರುವಾಗ ಒಂದು ಗಜ ಉಳಿಯುತ್ತಿತ್ತು. ಆದರೂ ದರ್ಜಿಗಳ ಸಂಘದ ಕಾರ್ಯದರ್ಶಿ ವಾಮನರಾವ್ ಮಾಸ್ತರ್ ನಮ್ಮ ಅಂಗಡಿಗೆ ಬಂದಾಗಲೆಲ್ಲ ಹೇಳುವ ಮಾತು ಒಂದೇ: "ಹೆಂಗಸರು ಕಾಜಾ ಹೊಲೀಬೇಕು, ಗುಂಡಿ ಹಚ್ಚಬೇಕು. ಕಟಿಂಗ್ ಗಂಡಸರ ಕೆಲಸ ನೋಡವಾ."

ಬೆಂಗಳೂರಿನಲ್ಲಿ ದರ್ಜಿಗಳ ಸಮಾವೇಶ ಬಂತು. ವೇದಿಕೆಯ ಮೇಲೆ ಒಂದೇ ಖಣದ ಬಟ್ಟೆಯಲ್ಲಿ, ಚೂರೂ ಪೋಲಾಗದಂತೆ ಹಳೆಯ ಕಾಲದ ಕುಪ್ಪಸ ಕತ್ತರಿಸುವ ಸ್ಪರ್ಧೆ. ರುಕ್ಮಾಬಾಯಿ ಹೆಸರು ಕೊಟ್ಟಳು. ಹೆಸರು ಕೊಟ್ಟ ಹೆಂಗಸು ಅವಳೊಬ್ಬಳೇ. ಹನ್ನೊಂದಕ್ಕೆ ಇಲ್ಲದವರ ಹೆಸರು ಹೊಡೆದುಹಾಕುತ್ತಾರೆ. ಆಮಂತ್ರಣ ಬರೆದವನು ವಾಮನರಾವನೇ. "ನಿಮ್ಮ ಕತ್ತರಿ ನೀವೇ ತನ್ನಿ" ಎಂದು ಒಂದು ಸಾಲು. ಅದರ ಕೆಳಗೇ "ಮೆಟ್ರೊ ರೈಲಿನಲ್ಲಿ ಬನ್ನಿ, ಸಭಾಂಗಣದ ಬಾಗಿಲಿಗೇ ಇಳಿಸುತ್ತದೆ" ಎಂದು ಇನ್ನೊಂದು. ಮಹಾಶಯ ತಾನು ಮಾತ್ರ ಕಾರಿನಲ್ಲಿ ಹೋಗಿದ್ದ!

ಬೆಂಗಳೂರಿಗೆ ಬಂದಿಳಿದ ಬೆಳಿಗ್ಗೆ ಮೆಟ್ರೊ ನಿಲ್ದಾಣದಲ್ಲಿ ನಮ್ಮ ಚೀಲ ಪೆಟ್ಟಿಗೆಯಂಥ ಯಂತ್ರದೊಳಗೆ ಹೋಯಿತು. ಪರದೆಯ ಮೇಲೆ ನನ್ನ ರೂಪ ಕಂಡು ಯಂತ್ರವೇ ಬೆವರಿತು. ಕಾವಲಿನ ಹುಡುಗಿ ಚೀಲ ತಡೆದಳು.

"ಅಮ್ಮಾ, ಇಷ್ಟು ದೊಡ್ಡ ಕತ್ತರಿ ಒಳಗೆ ಬಿಡಲ್ಲ."

"ಇದು ಚಾಕು ಅಲ್ಲ ತಂಗಿ, ಬಟ್ಟಿ ಕತ್ತರಿ. ಕಟಿಂಗ್ ಸ್ಪರ್ಧಾ ಐತಿ, ಹನ್ನೊಂದಕ್ಕ ನಾ ಸ್ಟೇಜಿನ ಮ್ಯಾಲ ಇರಬೇಕು."

"ರೂಲ್ಸ್ ಅಮ್ಮಾ. ನಾನೇನ್ ಮಾಡ್ಲಿ?"

"ಬಸ್ಸಿನ್ಯಾಗ ಹೋದರ?"

"ಈ ಟ್ರಾಫಿಕ್ಕಲ್ಲಾ? ಊಟದ ಹೊತ್ತಾಗತ್ತೆ. ಇಲ್ಲಿಟ್ಟು ಹೋಗಿ, ವಾಪಸ್ ಬರ್ತಾ ಇಸ್ಕೊಳ್ಳಿ."

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ರುಕ್ಮಾಬಾಯಿ ನನ್ನನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. "ಒಂದ ಮಾತು ತಂಗಿ. ಇದಕ್ಕ ಕಾಗದಾ ಮಾತ್ರ ಮುಟ್ಟಿಸಬ್ಯಾಡ."

"ಆಯ್ತಮ್ಮ, ಹೋಗಿ, ರೈಲ್ ಬಂತು."

ರೈಲು ಅವಳನ್ನು ನುಂಗಿಕೊಂಡು ಹೋಯಿತು. ನಾನು ಉರಿದುಹೋದೆ. ನಾನಿಲ್ಲದೆ ಅವಳು ಅಲ್ಲಿ ಏನು ಮಾಡಿಯಾಳು? ಬೇರೆಯವರ ಕತ್ತರಿ ಬೆರಳಿಗೆ ಕೂರುತ್ತದೆಯೇ? ಇಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಹುಡುಗಿಯ ಪಾಳಿ ಮುಗಿದು ಒಬ್ಬ ದಪ್ಪ ಮೀಸೆಯವನು ಬಂದ. ಹುಡುಗಿ ಅವನಿಗೆ ಸ್ಪರ್ಧೆಯ ಕತೆಯನ್ನೆಲ್ಲ ಹೇಳಿದಳು, ಕಾಗದದ ಮಾತೊಂದನ್ನು ಮರೆತಳು. ರಟ್ಟಿನ ಡಬ್ಬಿಯೊಂದನ್ನು ಬಿಚ್ಚಲು ಸುತ್ತ ನೋಡಿ, ನನ್ನನ್ನು ಎತ್ತಿಕೊಂಡ. ರಟ್ಟು! ಅಂಟಿನ ಟೇಪು! ಆಮೇಲೆ ನೋಟಿಸಿನ ಕಾಗದ, ಒಂದಲ್ಲ, ನಲವತ್ತು! ನಾನು ಕಿರ್ ಎಂದು ಕಿರುಚಿದೆ. "ಎಣ್ಣೆ ಹಾಕಿಲ್ಲ ಕಣ್ರೀ ಇದಕ್ಕೆ" ಎಂದ ಆ ಮೂರ್ಖ.

ಸಂಜೆ ರುಕ್ಮಾಬಾಯಿ ಬಂದಳು. ಕೊರಳಲ್ಲಿ ಹಾರ. ಅಲಗಿನ ಮೇಲೆ ಬೆರಳಾಡಿಸಿದಳು, ಕಾಗದ ಮುಟ್ಟಿದ್ದು ಅವಳಿಗೆ ತಿಳಿಯಿತು.

"ಗೆದ್ರಾ ಅಮ್ಮಾ? ಕತ್ತರಿ ಯಾರು ಕೊಟ್ರು?" ಮೀಸೆಯವನು ಕೇಳಿದ.

"ಯಾರೂ ಕೊಡಲಿಲ್ಲ. ವಾಮನರಾವ್ ಮಾಸ್ತರ ನಕ್ಕ, 'ಹೆಂಗಸು ಕತ್ತರೀನ ಮರತು ಬಂದಾಳ ನೋಡ್ರಿ' ಅಂದ. ಸಿಟ್ಟು ನೆತ್ತಿಗೇರಿತು. ಹಳೇ ಕುಪ್ಪಸ ಅಂದರ ಎಲ್ಲಾ ನೆಟ್ಟಗಿನ ತುಂಡಪ್ಪಾ. ಹಲ್ಲಿಲೆ ಕಚ್ಚಿ ಗುರುತು ಮಾಡಿದೆ, ಎಳೆ ಹಿಡಿದು ಪರ್ ಪರ್ ಅಂತ ಹರಿದೆ. ಒಂದೆಳೆ ಪೋಲಾಗಲಿಲ್ಲ."

ಹಲ್ಲಿನಿಂದ! ಅರವತ್ತು ವರ್ಷ ಅವಳ ಮನೆತನಕ್ಕೆ ದುಡಿದ ನಾನು, ಎರಡು ಹಲ್ಲಿಗೆ ಸಮವಾಗಲಿಲ್ಲ. ಮೀಸೆಯವನ ಮೇಲಿನ ಸಿಟ್ಟು ಒಂದು ತೂಕವಾದರೆ ಇದು ಹತ್ತು ತೂಕ.

ಸಾಣೆಗೆ ಕೊಟ್ಟಳು. ಹಳೆಯ ಹರಿತ ಬರಲಿಲ್ಲ. ಈಗ ಅವಳ ಬಳಿ ಹೊಸ ಕತ್ತರಿಯಿದೆ. ನಾನು ಗೋಡೆಯ ಮೊಳೆಯ ಮೇಲಿದ್ದೇನೆ, ಕಾಗದಕ್ಕೆ ಮಾತ್ರ ಇಳಿಯುತ್ತೇನೆ. ಕಟಿಂಗ್ ಕಲಿಯಲು ಬರುವ ಹೆಂಗಸರು ಹಳೆಯ ಪತ್ರಿಕೆಯಲ್ಲಿ ಅಳತೆ ತೆಗೆಯುವಾಗ ನನ್ನನ್ನು ಕಚಕಚ ಆಡಿಸುತ್ತಾರೆ. ಅವರು ಹನ್ನೆರಡು ಜನ. ಸರಿ, ನಿಜ ಹೇಳುತ್ತೇನೆ, ಐವರು.

ಕಾಗದದ ಮೇಲೆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸವನ್ನೂ ಹೇಳಿಬಿಡುತ್ತೇನೆ. ಪತ್ರಿಕೆಯಲ್ಲಿ ರುಕ್ಮಾಬಾಯಿಯ ಚಿತ್ರ ಬಂದಿತ್ತು. ಮೇಲೆ ದಪ್ಪಕ್ಷರದಲ್ಲಿ: "ಕತ್ತರಿ ಇಲ್ಲದೆ ಕುಪ್ಪಸ." ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಲು ಅವಳು ನನ್ನನ್ನೇ ಎತ್ತಿಕೊಂಡಳು. ಸಿಟ್ಟಿಗೆ ನಾನು ಆ ಚಿತ್ರವನ್ನು ಸೊಟ್ಟಗೆ ಹರಿದುಹಾಕಬಹುದಿತ್ತು.

ಬಂದು ನೋಡಿ. ಗೋಡೆಯ ಮೇಲಿದೆ. ನಾಲ್ಕೂ ಅಂಚು ಕೂದಲೆಳೆಯಷ್ಟೂ ಓರೆಯಿಲ್ಲ.