ಸ್ವತಂತ್ರಳೆಂದು ಬರೆದುಕೊಡಿ

ಮೂಗಿನ ತುದಿ ಈಗಲೇ ತುರಿಸಬೇಕೇ, ಎರಡೂ ಕೈ ಗಾಜಿನ ಪೆಟ್ಟಿಗೆಯೊಳಗೆ, ಕೈಗವಸಿಗೆಲ್ಲ ಸ್ಪಿರಿಟ್ಟು, ಮುಟ್ಟಿಕೊಂಡರೆ ಮತ್ತೆ ಮೊದಲಿನಿಂದ, ತಟ್ಟೆಯ ತಳದಲ್ಲಿ ಅಂಟಿಕೊಂಡಿರುವ ಮೂತ್ರಪಿಂಡದ ಜೀವಕೋಶಗಳಿಗೆ ಹೊತ್ತಿಗೆ ಸರಿಯಾಗಿ ಆಹಾರ ಬೇಕು, ಅವಕ್ಕೇನು ಗೊತ್ತು ಸಂಜೆಗೆ ಅರ್ಜಿಯ ಗಡುವು ಮುಗಿಯುತ್ತದೆಂದು — ಯುವ ಸಂಶೋಧಕರ ಅನುದಾನ, ಯುವ ಅಂತೆ, ಅಕ್ಕ ತಲೆ ಬಾಚುವಾಗಲೆಲ್ಲ ನಗುತ್ತಾಳೆ, ನಿನ್ನ ಓರಗೆಯವರ ಮಕ್ಕಳು ಹೈಸ್ಕೂಲಿಗೆ ಬಂದ್ರು ಕಣೇ, ನೀನಿನ್ನೂ ಯುವ, ಯಾವ ಎಣ್ಣೆ ಹಚ್ತೀಯ ನಂಗೂ ಹೇಳು. ನಗಲಿ. ಡಾಕ್ಟರೇಟ್ ಮುಗಿಸಿ ಏಳು ವರ್ಷ ದಾಟಿದವರಿಗೆ ಈ ಹಣವಿಲ್ಲ, ಮುಂದಿನ ತಿಂಗಳು ತನಗೂ ಏಳು ದಾಟುತ್ತದೆ, ಆಮೇಲೆ ಸ್ವಂತ ಪ್ರಯೋಗಾಲಯದ ಮಾತೇ ಇಲ್ಲ, ತಲೆ ಹಣ್ಣಾಗುವವರೆಗೂ ಗುರುಗಳ ಪ್ರಯೋಗಾಲಯದಲ್ಲಿ ಈ ಮೂಲೆಯೇ.

ಎಲ್ಲ ಸಿದ್ಧ, ಒಂದು ಪತ್ರದ ಹೊರತು, ಇವಳು ನನ್ನ ಹಂಗಿಲ್ಲದೆ ಕೆಲಸ ಮಾಡುತ್ತಾಳೆಂದು ಗುರುಗಳೇ ಬರೆದುಕೊಡಬೇಕಂತೆ, ಹಂಗಿಲ್ಲ ಅನ್ನುವುದಕ್ಕೂ ಅವರದೇ ಹಂಗು, ಯಾವ ಪುಣ್ಯಾತ್ಮ ಮಾಡಿದ ನಿಯಮವೋ, ವಾರಗಟ್ಟಲೆ ಅವರ ಬಾಗಿಲು ಕಾದಳು, ನಾಳೆ ನೋಡೋಣಮ್ಮ, ಕಾಫಿ ಆಯ್ತಾ, ಕೊನೆಗೆ ಅಯ್ಯೋ ಅದಕ್ಕೇನು ನೀನೇ ಬರಿ ನಾನು ಸಹಿ ಹಾಕ್ತೀನಿ, ಬರೆದಳು, ಅವರ ಬಾಯಿಂದ ತನ್ನನ್ನು ತಾನೇ ಹೊಗಳಿಕೊಳ್ಳುವಾಗ ಕಿವಿ ಬಿಸಿಯಾಗಿತ್ತು. ಬೆಳಿಗ್ಗೆ ಸಮ್ಮೇಳನಕ್ಕೆ ಹೊರಡುವ ಅವಸರದಲ್ಲಿ ಸಹಿ ಹಾಕಿದರು, ಹಾಕಿ ಸುಮ್ಮನೆ ಹೋಗಬಾರದೇ, ಸ್ವತಂತ್ರವಾಗಿ ಎಂಬ ಪದಕ್ಕೆ ಮುಂಚೆ ಹಸಿರು ಶಾಯಿಯಲ್ಲಿ, ಬಿಟ್ಟ ಮಾತು ಸೇರಿಸುವ ಒಂದು ಪುಟ್ಟ ಗೂಟದಂಥ ಗುರುತು ನೆಟ್ಟು, ಅದರ ನೆತ್ತಿಯ ಮೇಲೆ, ನನ್ನ ಮಾರ್ಗದರ್ಶನದಲ್ಲಿ. ನನ್ನ ಮಾರ್ಗದರ್ಶನದಲ್ಲಿ ಸ್ವತಂತ್ರವಾಗಿ — ಕಟ್ಟಿಹಾಕಿ ಮೇಯಲು ಬಿಟ್ಟ ಹಾಗೆ.

ಫೋನು ಮಾಡಿದ್ದಳು, ಸರ್ ಆ ಮಾತಿದ್ರೆ ಅರ್ಜಿ ತಳ್ಳಿಹಾಕ್ತಾರೆ, ಅಂದಳು, ಹಾಗೇನಿಲ್ಲಮ್ಮ, ನನ್ನ ಹೆಸರಿದ್ರೆ ಒಂದು ತೂಕ, ನೀನು ಮಗಳಿದ್ದ ಹಾಗೆ ಅಲ್ವಾ, ವಿಮಾನ ಹತ್ತಬೇಕು ಇಡ್ತೀನಿ. ಆಫೀಸಿನ ಗುಮಾಸ್ತೆ ಪತ್ರ ನೋಡಿ ಕನ್ನಡಕ ಮೇಲೇರಿಸಿದಳು, ಹೋದ ವರ್ಷ ಇಂಥದೇ ಎರಡು ವಾಪಸ್ ಬಂತು ಮೇಡಂ, ಪತ್ರ ಇಲ್ದಿದ್ರೆ ಅಂತೂ ಬಂದೇ ಬರುತ್ತೆ, ಕಳಿಸಿ, ಹೋದ್ರೆ ಒಂದು ಕಲ್ಲು, ಬಿದ್ರೆ ಒಂದು ಹಣ್ಣು. ಬೇರೆ ಹಾಳೆಯಲ್ಲಿ ಬರೆದು ಸಹಿ ಮಾತ್ರ ಕತ್ತರಿಸಿ ಅಂಟಿಸಿದರೆ — ಥೂ, ಫಲಿತಾಂಶ ಚೆನ್ನಾಗಿ ಕಾಣಲೆಂದು ಕೋಶಗಳ ಚಿತ್ರ ಕತ್ತರಿಸಿ ಅಂಟಿಸಿದ ಹುಡುಗನನ್ನು ಮೊನ್ನೆ ಬೈದದ್ದು ಇದೇ ಬಾಯಿ.

ತಟ್ಟೆಗಳಿಗೆ ಮುಚ್ಚಳ, ಬೆಚ್ಚನೆಯ ಪೆಟ್ಟಿಗೆಗೆ ಸೇರಿಸಿದ್ದಾಯಿತು, ಕಂಪ್ಯೂಟರು, ಪತ್ರದ ಚಿತ್ರ ಪರದೆಯ ತುಂಬ ಹರಡಿಕೊಳ್ಳುತ್ತದೆ, ಹಸಿರು ಗೂಟ ಹೆಬ್ಬೆರಳಿಗಿಂತ ದಪ್ಪ, ಎಲ್ಲಿ ನೋಡಿದರೂ ಅದೇ, ಕಳಿಸು ಎಂಬುದನ್ನು ಒತ್ತಿದಳು, ಒತ್ತದೆ ಇನ್ನೇನು, ಅರ್ಜಿ ತಲುಪಿದೆ ಧನ್ಯವಾದ ಎಂದು ಏನೋ ಬಂತು, ಓದಲಿಲ್ಲ, ಅವಳದೇ ಸಾಲು, ಅವಳೇ ಆರಿಸಿದ ಪದಗಳು, ನಟ್ಟನಡುವೆ ಆ ಹಸಿರು ಗೂಟ, ಹಸಿರು ಗೂಟ —