ಕದಲಿಸದ ಗರಗಸ

ಸಮೇತನಹಳ್ಳಿಯ ದೊಡ್ಡಬೀರಪ್ಪನೂ ಹೊಸಕೋಟೆಯ ಇಮಾಮ್ ಸಾಬರೂ ಒಂದೇ ಗರಗಸದ ಎರಡು ತುದಿ ಹಿಡಿದು ಬಾಳಿದವರು. ದಿಮ್ಮಿಯ ಮೇಲೆ ನಿಂತು ಗೆರೆ ನೋಡುತ್ತ ಎಳೆಯುವವರು ಸಾಬರು. ಕೆಳಗೆ ಗುಂಡಿಯಲ್ಲಿ ನಿಂತು, ಹೊಟ್ಟು ಕಣ್ಣಿಗೆ ಬೀಳದಂತೆ ತಲೆಗೆ ವಸ್ತ್ರ ಸುತ್ತಿ ಎಳೆಯುವವನು ಬೀರಪ್ಪ. ಮೇಲೊಂದು ಉಸಿರು, ಕೆಳಗೊಂದು ಉಸಿರು. ಬೀರಪ್ಪನ ಕಿವಿಗೆ ಅದು ಇಬ್ಬರು ಸೇರಿ ಹಾಡುವ ಪದದಂತಿತ್ತು.

ಯುದ್ಧದ ಕಾಲ. ಅಂಥ ಅಲಗು ಇನ್ನೊಂದು ಬೇಕೆಂದರೆ ಪೇಟೆಯಲ್ಲಿ ಎಲ್ಲಿಯೂ ಸಿಗುತ್ತಿರಲಿಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲಿ ಸಾಬರು ಅದನ್ನು ಒರೆಸಿ, ಹೊಂಗೆಣ್ಣೆ ಬಳಿದು, ಗೋಣಿ ಸುತ್ತಿ, ಗೋಡೆಗೂ ನೆಲಕ್ಕೂ ತಾಗದಂತೆ ತೊಲೆಗೆ ತೂಗುಹಾಕುತ್ತಿದ್ದರು.

ಆ ವರ್ಷ ಭಾದ್ರಪದದಲ್ಲಿ ಸಾಬರು ವಿಷಮಜ್ವರದಿಂದ ಮಲಗಿದರು. ಗರಗಸ ಬೀರಪ್ಪನ ಮನೆಗೆ ಬಂತು.

"ಎಣ್ಣೆ ಆರಕ್ಕೆ ಬಿಡ್ಬೇಡ ಕಣೋ ಬೀರ," ಎಂದಿದ್ದರು ಸಾಬರು. "ನಾನು ಎದ್ರೆ ಅದನ್ನ ಹಿಡಿಯಕ್ಕೇ ಏಳೋದು."

ಆಯುಧಪೂಜೆಯ ದಿನ ಬೀರಪ್ಪ ಎಣ್ಣೆಯನ್ನೆಲ್ಲ ಒರೆಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಅಲಗನ್ನು ಬೆಳ್ಳಿಯಂತೆ ಮಾಡಿದ. ಅರಿಶಿನ ಕುಂಕುಮ ಇಟ್ಟ. ಹಲ್ಲುಗಳಿಗೆ ನಿಂಬೆಹೋಳು ಚುಚ್ಚಿದ. ಕೈಮುಗಿದು ನಿಂತಾಗ ಬಾಯಿಂದ ಹರಕೆ ಬಂದುಬಿಟ್ಟಿತು: "ಸಾಬ್ರು ಎದ್ದು ಬರೋಗಂಟ ಈ ಪೂಜೆ ಕದಲಿಸಾಕಿಲ್ಲ, ಸ್ವಾಮಿ."

ಮರುದಿನ ಊರವರೆಲ್ಲ ನೇಗಿಲು ಕುಡುಗೋಲುಗಳನ್ನು ಕದಲಿಸಿ ಕೆಲಸಕ್ಕೆ ತೆಗೆದುಕೊಂಡರು. ಗರಗಸ ಮಾತ್ರ ಗೋಡೆಗೆ ಒರಗಿದಲ್ಲೇ ಇತ್ತು, ಮೇಲೊಂದು ಮಡಿಬಟ್ಟೆ ಹೊದ್ದು.

"ಒಂಚೂರು ಎಣ್ಣೆನಾದ್ರೂ ಸವರಬಾರ್ದಾ?" ಎಂದಳು ಹೆಂಡತಿ ಲಕ್ಕಮ್ಮ.

"ಪೂಜೆಗಿಟ್ಟಿದ್ದನ್ನ ಮುಟ್ತಾರೇನೇ? ಅವ್ರ ಜೀವ ಅದ್ರ ಮ್ಯಾಲೈತೆ."

ಕಾರ್ತಿಕದ ಜಡಿಮಳೆಗೆ ಮಣ್ಣುಗೋಡೆ ಬೆವರಿತು. ಬೀರಪ್ಪ ದಿನವೂ ಬಟ್ಟೆಯ ಮೇಲೆ ತೀರ್ಥ ಚಿಮುಕಿಸಿ ಊದುಬತ್ತಿ ಹಚ್ಚುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಇಮಾಮ್ ಸಾಬರು ಬಂದರು. ಕೋಲೂರಿಕೊಂಡು, ಅರ್ಧ ಆಳಾಗಿ, ಆದರೆ ನಗುತ್ತ. ವೆಂಕಟರಾಯಪ್ಪನವರ ಹೊಸಮನೆಯ ಬಾಗಿಲಿಗೆಂದು ಹಲಸಿನ ದಿಮ್ಮಿ ಗುಂಡಿಯ ಮೇಲೆ ಇವರನ್ನೇ ಕಾದಿತ್ತು.

"ಏನ್ಲಾ ಬೀರ, ನನ್ನ ಎರಡನೇ ಹೆಂಡ್ತಿನ ಚೆನ್ನಾಗಿ ನೋಡ್ಕೊಂಡಿದ್ದೀಯಾ?"

"ಮೊದಲ್ನೇರು ಕೇಳಿಸ್ಕೊಂಡ್ರೆ ನಿಮ್ಮನ್ನೇ ಕೊಯ್ತಾರೆ, ಸಾಬ್ರೇ!"

ಬೀರಪ್ಪ ತೆಂಗಿನಕಾಯಿ ಒಡೆದ. ಕಣ್ಣು ತುಂಬಿಕೊಂಡು ಗರಗಸವನ್ನು ಕದಲಿಸಿ ಬಟ್ಟೆ ತೆಗೆದ. ಬಟ್ಟೆಯ ಜೊತೆಗೇ ಕೆಂಪು ಹಕ್ಕಳೆ ಉದುರಿತು. ನಿಂಬೆ ಚುಚ್ಚಿದ್ದ ಕಡೆ ಹಲ್ಲುಗಳು ತಿಂದುಹೋಗಿದ್ದವು.

ಸಾಬರು ಹೆಬ್ಬೆರಳಿಂದ ಒಮ್ಮೆ ಸವರಿದರು. "ಅರ ಕೊಡು," ಎಂದಷ್ಟೇ ಅಂದರು. ಉಳಿದ ಹಲ್ಲುಗಳನ್ನು ಅದರಿಂದ ಬಿಸಿಲೇರುವವರೆಗೂ ಉಜ್ಜಿ ಹರಿತ ಮಾಡಿದರು. ಆಮೇಲೆ ದಿಮ್ಮಿ ಹತ್ತಿದರು. ಬೀರಪ್ಪ ಗುಂಡಿಗಿಳಿದ. ಗರಗಸ ಗೇಣುದ್ದ ಇಳಿದು ಕಚ್ಚಿಕೊಂಡಿತು. ಇಬ್ಬರೂ ಬಲ ಹಾಕಿದರು. ವರ್ಷಗಟ್ಟಲೆ ಅರ ತಿಂದು ಸವೆದಿದ್ದ ಅಲಗು, ತುಕ್ಕು ಹೊಕ್ಕ ಕಡೆಯೇ ಅಡ್ಡಕ್ಕೆ ಮುರಿಯಿತು.

ಸಾಬರು ಮುರಿದ ಅಂಚಿನ ತುಕ್ಕನ್ನು ಉಗುರಿನಿಂದ ಕೆರೆದು ನೋಡಿದರು.

"ಎಣ್ಣೆ?"

"ಹರಕೆ ಕೆಡ್ತದೆ ಅಂತ ಮುಟ್ಲಿಲ್ಲ."

"ಯಾರಿಗೋಸ್ಕರ ಹರಕೆ?"

"ನಿಮಗೇ."

ಸಾಬರು ದಿಮ್ಮಿಯ ಮೇಲೆಯೇ ಕುಸಿದು ಕುಳಿತರು. ಬೈಯಲಿಲ್ಲ. "ದೇವ್ರು ನಿನ್ನ ಮಾತು ಕೇಳ್ಬಿಟ್ಟ ಕಣೋ, ಬೀರ. ಎಬ್ಬಿಸ್ಬಿಟ್ಟ. ಎದ್ದು ಈಗ ನಾನೇನು ಮಾಡ್ಲಿ?"

ಮಧ್ಯಾಹ್ನ ವೆಂಕಟರಾಯಪ್ಪ ಗಾಡಿ ಕಟ್ಟಿಸಿದರು. ದಿಮ್ಮಿ ಬೆಂಗಳೂರಿನ ಯಂತ್ರದ ಕೊಯ್ತಕ್ಕೆ ಹೊರಟಿತು. ಹೊಸಕೋಟೆಯ ಮೇಲೇ ಹೋಗುವ ಗಾಡಿ. ನಡೆಯಲಾರದ ಸಾಬರು ಅದೇ ದಿಮ್ಮಿಯ ಮೇಲೆ ಕುಳಿತು ಹೋದರು. ತಿರುಗಿ ನೋಡಲಿಲ್ಲ.

ಬೀರಪ್ಪ ಗುಂಡಿಯೊಳಗೇ ಇದ್ದ. ದಿಮ್ಮಿ ಹೋದ ಮೇಲೆ ಆಕಾಶ ನೇರವಾಗಿ ಅವನ ಮೇಲೆ ಬಿತ್ತು. ತಲೆಯ ವಸ್ತ್ರ ಬಿಚ್ಚಲಿಲ್ಲ. ಪ್ರಾರ್ಥನೆಗೆಂದು ಬಾಯಿ ತೆರೆದ. ಹೆದರಿ, ಮುಚ್ಚಿಕೊಂಡ.